ಎರಡು ಮರವಿದ್ದ ಸೈಟು

ನಮ್ಮ ಸೀಮೆಯಲ್ಲಿ ಯಾವ ಮರದ ಕೆಳಗೆ ನಿಲ್ಲುವ ಮೊದಲೂ ಒಂದು ಸಲ ಕತ್ತೆತ್ತಿ ಮೇಲೆ ನೋಡುತ್ತೇವೆ. ಇದನ್ನು ಯಾರು ಹೇಳಿಕೊಟ್ಟರೋ ನೆನಪಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ನಡೆಯಲು ಕಲಿತ ಮಗುವಿಗೆ ಇದೂ ಜೊತೆಗೇ ಬಂದುಬಿಡುತ್ತದೆ. ಒಣಗಿದ ತೆಂಗಿನಕಾಯಿ ನೆತ್ತಿಯ ಮೇಲೆ ಬಿದ್ದರೆ ಆಸ್ಪತ್ರೆಗೆ ಹೋಗುವಷ್ಟು ಪುರಸೊತ್ತೂ ಸಿಗುವುದಿಲ್ಲ. ನನಗೆ ಈ ಅಭ್ಯಾಸ ಸ್ವಲ್ಪ ಅತಿಯಾಗಿಯೇ ಅಂಟಿಕೊಂಡಿದೆ. ಮೊನ್ನೆ ಒಂದು ಮದುವೆಯಲ್ಲಿ ಕುರ್ಚಿ ಎಳೆದುಕೊಂಡು ಕೂರುವ ಮೊದಲು ಮೇಲೆ ನೋಡಿದೆ. ಫ್ಯಾನು ತಿರುಗುತ್ತಿತ್ತು. ಪಕ್ಕದಲ್ಲಿದ್ದ ನನ್ನ ಹೆಂಡತಿ ಶಾಹಿದಾ, "ಏನ್ರೀ, ಫ್ಯಾನಲ್ಲಿ ಕಾಯಿ ಬಿಟ್ಟಿದೆಯಾ?" ಎಂದಳು. "ಫ್ಯಾನೇ ಬೀಳಬಹುದಲ್ಲ" ಎಂದು ಕುರ್ಚಿಯನ್ನು ಎರಡಡಿ ಪಕ್ಕಕ್ಕೆ ಸರಿಸಿಕೊಂಡೆ.

ನಾನು ಅಂಥ ಆಸಾಮಿ. ಅಂಥವನು ಐವತ್ತು ದಾಟಿದ ಮೇಲೆ ರಿಯಲ್ ಎಸ್ಟೇಟಿಗೆ ಕೈ ಹಾಕಿದರೆ ಏನಾಗುತ್ತದೆ ಎಂದು ಹೇಳುತ್ತೇನೆ. ನಗುವುದಿದ್ದರೆ ಪೂರ್ತಿ ಕೇಳಿ ಆಮೇಲೆ ನಗಿ.

ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ ಇದೆ. ಅಬ್ಬಾ ಇಟ್ಟದ್ದು, ನಾನು ಮುಂದುವರಿಸಿಕೊಂಡು ಬಂದಿದ್ದೇನೆ. ಅಂಗಡಿ ಬಾಡಿಗೆಯದು, ಮನೆಯೂ ಬಾಡಿಗೆಯದು. ಚಿಕ್ಕಂದಿನಲ್ಲಿ ಅದರ ಬಗ್ಗೆ ನನಗೇನೂ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಬೇರೆ ಒಂದು ವಿಷಯಕ್ಕೆ. ನಮ್ಮ ಕಡೆ ಹೊಸಬರ ಪರಿಚಯವಾದರೆ ಕೇಳುವ ಮೊದಲ ಪ್ರಶ್ನೆ ಊರು, ಎರಡನೆಯದು "ಎಷ್ಟು ಮರ?" ಎಂದು. ಯಾವ ಮರ ಅಂತ ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಹೆಣ್ಣು ನೋಡಲು ಹೋದವರೂ ಕೇಳುತ್ತಾರೆ, ಸಾಲ ಕೊಡುವವರೂ ಕೇಳುತ್ತಾರೆ. ಸ್ಕೂಲಿನಲ್ಲಿ ಹುಡುಗರು ಗೋಲಿಯಾಡುತ್ತಾ, "ನಮ್ದು ಇನ್ನೂರು", "ನಮ್ದು ಎಂಬತ್ತು, ಬೋರ್ ಹಾಕ್ಸಿದೀವಿ" ಎಂದು ಹೇಳಿಕೊಳ್ಳುವಾಗ ನಾನು ಗೋಲಿ ಕಡೆಗೇ ಹೆಚ್ಚು ಗಮನ ಕೊಡುತ್ತಿದ್ದೆ. ಒಂದು ದಿನ ತಡೆಯಲಾರದೆ ಅಬ್ಬಾನನ್ನು ಕೇಳಿದೆ, ನಮ್ಮದೆಷ್ಟು ಮರ ಅಂತ. ಅವರು ಬಟ್ಟೆ ಕತ್ತರಿಸುವ ಮೇಜನ್ನು ಕೈಯಿಂದ ತಟ್ಟಿ, "ಇದೊಂದೇ ಕಣಪ್ಪ, ಅದೂ ಹಲಗೆ ಆಗೋಗಿದೆ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಮಾರನೆಯ ದಿನ ಸ್ಕೂಲಿನಲ್ಲಿ ಹೇಳುವುದಕ್ಕೆ ಆ ಉತ್ತರ ಆಗಿಬರಲಿಲ್ಲ.

ಇರಲಿ. ಸೈಟಿನ ಹುಚ್ಚು ನನಗೆ ಹತ್ತಿದ್ದು ಅಂಗಡಿಯಲ್ಲೇ. ಹೆಂಡತಿಯರು ಒಳಗೆ ಅಳತೆ ಕೊಡುವಾಗ ಗಂಡಂದಿರು ಹೊರಗಿನ ಬೆಂಚಿನ ಮೇಲೆ ಕೂತು ಮಾತಾಡುತ್ತಾರೆ. ಹತ್ತು ವರ್ಷದ ಕೆಳಗೆ ಅವರು ಕೊಬ್ಬರಿ ರೇಟು ಮಾತಾಡುತ್ತಿದ್ದರು. ಈಗ ಲೇಔಟು, ಜಮೀನನ್ನು ಸೈಟಿಗೆ ಬದಲಿಸುವ ಅಲಿನೇಷನ್ನು, ಇ-ಖಾತೆ. ಯಾರೋ ತುರುವೇಕೆರೆ ರಸ್ತೆಯಲ್ಲಿ ತಗೊಂಡರಂತೆ, ಮೂರು ವರ್ಷಕ್ಕೆ ಡಬ್ಬಲ್ ಆಯಿತಂತೆ. ಕೇಳಿ ಕೇಳಿ ನಾನೂ ಲೆಕ್ಕ ಹಾಕತೊಡಗಿದೆ. ಮಗಳು ಆಗ ಎಸ್ಸೆಸ್ಸೆಲ್ಸಿ. ಪಿಯುಸಿ ಮುಗಿದ ಮೇಲೆ ನರ್ಸಿಂಗ್ ಓದಬೇಕೆಂದು ಹಟ ಹಿಡಿದಿದ್ದಳು. ಚೀಟಿ ಹಾಕಿ ಕೂಡಿಟ್ಟದ್ದು, ಶಾಹಿದಾಳ ಎರಡು ಬಳೆ, ಅಬ್ಬಾ ಬಿಟ್ಟುಹೋದ ಅಲ್ಪಸ್ವಲ್ಪ, ಎಲ್ಲ ಸೇರಿಸಿ ಈಗೊಂದು ಸೈಟು ತಗೊಂಡರೆ, ಮಗಳ ಕಾಲೇಜಿನ ಹೊತ್ತಿಗೆ ಮಾರಿದರೆ, ಫೀಸು ಆಗಿ ಇನ್ನಷ್ಟು ಉಳಿಯುತ್ತದೆ. ಫೋನಿನಲ್ಲಿ ಇದನ್ನೇ ಹೇಳುವ ವಿಡಿಯೋಗಳು ದಿನಕ್ಕೆ ಹತ್ತು ಬರತೊಡಗಿದವು. ಕಾಜಾ ಹಾಕುತ್ತಾ ಎಲ್ಲವನ್ನೂ ನೋಡಿದೆ. ನಿದ್ದೆ ಕೆಟ್ಟಿತು. ಅದೇ ತಿಂಗಳು ಒಬ್ಬ ಟೀಚರಮ್ಮನ ಬ್ಲೌಸಿಗೆ ಎರಡೂ ಎಡಗೈ ತೋಳೇ ಹಾಕಿಕೊಟ್ಟೆ.

ಪುಟ್ಟರಾಜು ಅಂತ ಒಬ್ಬ ಸೈಟ್ ಬ್ರೋಕರ್ ಪರಿಚಯವಿದ್ದ. ಊರಾಚೆ ಒಂದು ಹಳೇ ತೋಟ ಲೇಔಟ್ ಆಗಿತ್ತು, ಅಲ್ಲಿಗೆ ಬೈಕಿನಲ್ಲಿ ಕೂರಿಸಿಕೊಂಡು ಹೋದ. ರಸ್ತೆ ಮಾಡಿ, ಕಲ್ಲು ನೆಟ್ಟು, ಇಪ್ಪತ್ತು ಸೈಟು ಮಾಡಿದ್ದರು. ಮರಗಳನ್ನೆಲ್ಲ ಉರುಳಿಸಿ ನೆಲ ಚೊಕ್ಕಟ ಮಾಡಿದ್ದರು. ಬುಡ ಕಿತ್ತ ಗುಂಡಿಗಳು ಮಾತ್ರ ಅಲ್ಲಲ್ಲಿ ಕಾಣುತ್ತಿದ್ದವು. ಪುಟ್ಟರಾಜು ಮೂಲೆ ಸೈಟು ತೋರಿಸಿದ, ಪೂರ್ವ ದಿಕ್ಕಿನದು ತೋರಿಸಿದ. ನಾನು ನೋಡುತ್ತಿದ್ದದ್ದು ಬೇರೆ ಕಡೆ. ಕೊನೇ ಸಾಲಿನಲ್ಲಿ ಒಂದು ಸೈಟು, ಅದರಲ್ಲಿ ಎರಡು ತೆಂಗಿನ ಮರ ಹಾಗೇ ನಿಂತಿದ್ದವು. ಎತ್ತರದ ಹಳೇ ಮರಗಳು, ತುಂಬಾ ಗೊನೆ. ಹತ್ತಿರ ಹೋಗಿ ಕತ್ತೆತ್ತಿ ನೋಡಿದೆ.

"ಆ ಸೈಟ್ ಬ್ಯಾಡ ಬುಡಿ ಸಾಬ್ರೇ" ಎಂದ ಪುಟ್ಟರಾಜು. "ಅದನ್ನ ಓನರ್ರು ಇಟ್ಕಂಡವ್ರೆ."

ನಾನು ಹೊಸಬ ನೋಡಿ. ಬ್ರೋಕರ್ ಬೇಡ ಅಂದರೆ ಅದೇ ಒಳ್ಳೆಯ ಮಾಲು, ಯಾರೋ ದೊಡ್ಡ ಕುಳಕ್ಕೆ ಎತ್ತಿಟ್ಟಿದ್ದಾನೆ ಎಂದು ವಿಡಿಯೋದಲ್ಲಿ ಕೇಳಿದ್ದೆ. ಅದೇ ಬೇಕು ಎಂದು ಪಟ್ಟು ಹಿಡಿದೆ. ಒಂದು ತಿಂಗಳು ಅವನ ಹಿಂದೆ ಬಿದ್ದೆ, ಓನರ್ ಬಸವರಾಜಣ್ಣನ ಮನೆಗೇ ಎರಡು ಸಲ ಹೋಗಿ ಕೂತೆ. ಮೊದಲು ಆಗುವುದೇ ಇಲ್ಲ ಎಂದವರು, ರೇಟು ಸ್ವಲ್ಪ ಏರಿಸಿದಾಗ ಯೋಚನೆ ಮಾಡುತ್ತೇನೆ ಎಂದರು, ಇನ್ನೂ ಸ್ವಲ್ಪ ಏರಿಸಿದಾಗ ಒಪ್ಪಿಕೊಂಡರು. ಮೂವತ್ತು ನಲವತ್ತರ ಸೈಟನ್ನು ನಾನು ಕೊರಳಲ್ಲಿದ್ದ ಟೇಪಿನಿಂದಲೇ ಬಗ್ಗಿ ಬಗ್ಗಿ ಅಳೆದೆ. ಕಲ್ಲಿಂದ ಕಲ್ಲಿಗೆ ಸರಿಯಾಗಿತ್ತು. ರಸ್ತೆ ಅಗಲ, ಚರಂಡಿ, ಕರೆಂಟ್ ಕಂಬ ಎಲ್ಲ ನೋಡಿದೆ. ವಕೀಲರಿಗೆ ಕಾಗದ ತೋರಿಸಬೇಕೆಂದು ಮಾತ್ರ ಹೊಳೆಯಲಿಲ್ಲ. ಹೊಳೆಯಲಿಲ್ಲ ಅನ್ನುವುದು ಸುಳ್ಳು. ಫೀಸು ಉಳಿಸೋಣ ಅಂದುಕೊಂಡೆ.

ರಿಜಿಸ್ಟ್ರೇಷನ್ ಆದ ಮೇಲೆ ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎಂದುಕೊಂಡಿದ್ದೆ. ಇದ್ದ ನೆಮ್ಮದಿಯೂ ಹೋಯಿತು. ಬ್ಯಾಂಕಿನಲ್ಲಿದ್ದಾಗ ದುಡ್ಡು ಕಾಣುತ್ತಿರಲಿಲ್ಲ, ಆದ್ದರಿಂದ ಹೆದರಿಕೆಯೂ ಇರಲಿಲ್ಲ. ಈಗ ಅದು ಊರಾಚೆ ಬಯಲಿನಲ್ಲಿ ಒಂಟಿಯಾಗಿ ಬಿದ್ದುಕೊಂಡಿದೆ ಅನ್ನಿಸುತ್ತಿತ್ತು. ಯಾರಾದರೂ ಕಲ್ಲು ಸರಿಸಿದರೆ, ಪಕ್ಕದವನು ಒಂದಡಿ ಒಳಗೆ ಪಾಯ ತೆಗೆದರೆ ಎಂದೆಲ್ಲ ಹೆದರಿಕೆ. ದಿನಾ ಸಂಜೆ ಸೈಕಲ್ಲಿನಲ್ಲಿ ಹೋಗಿ ನಾಲ್ಕೂ ಕಲ್ಲು ಮುಟ್ಟಿ ಬರುತ್ತಿದ್ದೆ; ಬಿದ್ದ ಕಾಯಿ ಮುಟ್ಟಲು ಮಾತ್ರ ಯಾಕೋ ಇನ್ನೂ ಕೈ ಬಂದಿರಲಿಲ್ಲ. "ಮಗೂನ ಶಾಲೆಗೆ ಬಿಟ್ಟೋರೂ ಹಿಂಗೆ ಆಡಲ್ಲ" ಎಂದಳು ಶಾಹಿದಾ. ನಮ್ಮ ಮನೆಯಲ್ಲಿ ಮಾತು ಉರ್ದುವಿನಲ್ಲಿ, ಜಗಳ ಮಾತ್ರ ಕನ್ನಡದಲ್ಲಿ. ಸೈಟು ತಗೊಂಡ ಮೇಲೆ ಮನೆಯಲ್ಲಿ ಕನ್ನಡ ಬಹಳ ಬೆಳೆಯಿತು.

ಹೀಗಿರುವಾಗ ಒಂದು ಸಂತೆ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಹೋಗಿ, ತಲೆಗೆ ಟವೆಲ್ ಸುತ್ತಿಕೊಂಡು ಗಡಿಕಲ್ಲಿನ ಮೇಲೆ ಕೂತಿದ್ದೆ. ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಸಂತೆ ಚೀಲ. ನನ್ನ ಕಡೆ ನೋಡದೆ ನೇರವಾಗಿ ಮರದ ಬುಡಕ್ಕೆ ಹೋಗಿ, ಬಿದ್ದಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲುಗಿಸಿ ಚೀಲಕ್ಕೆ ಹಾಕಿಕೊಂಡರು. ಒಣಗಿದ ಗರಿಯೊಂದನ್ನು ಎಳೆದು ಪಕ್ಕಕ್ಕೆ ಹಾಕಿದರು. ಆಮೇಲೆ ನನ್ನನ್ನು ನೋಡಿ, "ಯಾರಪ್ಪ, ಕಾಯಾಕೆ ಬಂದಿದೀರಾ? ನಮ್ಮಣ್ಣ ಇಟ್ಟವ್ನಾ?" ಎಂದು ಕೇಳಿದರು.

"ಹೂಂ ಕಣಮ್ಮ" ಎಂದೆ.

ಯಾಕೆ ಹಾಗಂದೆ ಎಂದು ಕೇಳಬೇಡಿ. ಇದು ನನ್ನ ಜಾಗ, ಕಾಯಿ ಕೆಳಗಿಡಿ ಎಂದು ಹೇಳಿ ಅಭ್ಯಾಸವೇ ಇರಲಿಲ್ಲ. ಹುಟ್ಟಿದಾಗಿನಿಂದ ಆ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದ್ದೇ ಹೊರತು ನಾನಾಗಿ ಆಡಿರಲಿಲ್ಲ. ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಚೀಲದಿಂದ ಎರಡು ಕಾಯಿ ತೆಗೆದು ನನ್ನ ಮುಂದಿಟ್ಟರು. "ಕಾಯೋನಿಗೂ ಬೇಕಲ್ಲಪ್ಪ. ತಗಂಡೋಗಿ, ಸಾರಿಗಾಯ್ತದೆ."

ನಾನು ತಗೊಂಡೆ. ನನ್ನ ಸ್ವಂತ ಮರದ ಮೊದಲ ಫಸಲು ನನ್ನ ಕೈಗೆ ಬಂದದ್ದು ವಾಚ್‌ಮನ್ ಕೂಲಿಯಾಗಿ.

ಅವರ ಹೆಸರು ಜಯಮ್ಮ. ಬಸವರಾಜಣ್ಣನ ತಂಗಿ. ಅರಳಗುಪ್ಪೆಗೆ ಕೊಟ್ಟಿದ್ದರು, ವಾರಕ್ಕೊಮ್ಮೆ ಸಂತೆಗೆ ಬರುವಾಗ ಇಲ್ಲಿಗೂ ಬಂದು ಹೋಗುತ್ತಿದ್ದರು. ನಮ್ಮ ಕಡೆ ಕೆಲವು ತೋಟದವರ ಮನೆಗಳಲ್ಲಿ ಒಂದು ಪದ್ಧತಿ ಉಂಟು. ಮಗಳನ್ನು ಮದುವೆ ಮಾಡಿ ಕೊಡುವಾಗ ಒಂದೆರಡು ಮರ ಅವಳ ಅರಿಶಿನ ಕುಂಕುಮಕ್ಕೆ ಎಂದು ಹೇಳಿಬಿಡುತ್ತಾರೆ. ಬರೀ ಬಾಯಿಮಾತು, ಕಾಗದಪತ್ರ ಇಲ್ಲ. ಭೂಮಿ ಗಂಡುಮಕ್ಕಳದು, ಆ ಮರಗಳ ಕಾಯಿ ಮಾತ್ರ ಮಗಳದು. ವಾಚ್‌ಮನ್ನಿಗೆ ತಿಳಿದಿರಲಿ ಎಂದು ಜಯಮ್ಮನೇ ಇದನ್ನು ವಿವರಿಸಿದರು.

"ಇವೆರಡು ನಮ್ಮಪ್ಪ ನಂಗೆ ಬುಟ್ಟಿದ್ದು. ತೋಟ ಸೈಟ್ ಮಾಡ್ದಾಗ ಅಣ್ಣ ಹೇಳ್ದ, 'ನಿನ್ ಮರ ಇರೋ ಜಾಗ ನಾನು ಮುಟ್ಟಲ್ಲ ಕಣಮ್ಮಿ' ಅಂತ. ನೋಡಿ, ಎಲ್ಲಾ ಹೋದ್ರೂ ಇವು ಹಂಗೇ ಅವೆ. ಮಾತು ಉಳಿಸ್ಕಂಡ."

ಅವರಣ್ಣ ಮಾತು ಉಳಿಸಿಕೊಂಡೇ ಇದ್ದರು. ಮನೆ ಬಾಗಿಲಿಗೆ ಹೋಗಿ, ಮೇಲಿಂದ ಮೇಲೆ ರೇಟು ಏರಿಸಿ, ಆ ಮಾತು ಮುರಿಸಿದವನು ನಾನು. ಅವರು ಮುರಿದದ್ದೂ ಮುರಿದದ್ದೇ ಅನ್ನಿ.

ಮಾರನೆಯ ದಿನವೇ ಕಾಗದದ ಕಟ್ಟು ಹಿಡಿದು ಒಬ್ಬ ವಕೀಲರ ಹತ್ತಿರ ಓಡಿದೆ. ಅವರ ಶ್ರೀಮತಿಯವರ ಬಟ್ಟೆ ಹೊಲಿಯುವವನು ನಾನೇ. ಅವರು ಹಾಳೆ ತಿರುಗಿಸಿ ತಿರುಗಿಸಿ ವಂಶವೃಕ್ಷದ ಹತ್ತಿರ ನಿಂತರು. ಯಾರಿಗೆ ಯಾರು ಮಕ್ಕಳು ಎಂದು ತೋರಿಸುವ ಹಾಳೆ ಅದು. ಅದರಲ್ಲಿ ಬಸವರಾಜಣ್ಣ ಒಬ್ಬರೇ ಮಗ ಎಂದಿತ್ತು. ಜಯಮ್ಮ ಹುಟ್ಟಿಯೇ ಇರಲಿಲ್ಲ.

"ಪಿತ್ರಾರ್ಜಿತ ಆಸ್ತಿ ಕಣ್ರೀ ಇದು. ಹೆಣ್ಣುಮಗಳ ಸಹಿ ಎಲ್ಲಿ?" ಎಂದರು ವಕೀಲರು. "ನಾಳೆ ಆಯಮ್ಮನೋ ಅವರ ಮಕ್ಕಳೋ ಕೋರ್ಟಿಗೆ ಹೋದ್ರೆ ಸ್ಟೇ ಬೀಳುತ್ತೆ. ಆಮೇಲೆ ನೀವಲ್ಲ, ನಿಮ್ಮ ಮೊಮ್ಮಕ್ಕಳು ಮಾರೋಕೂ ಆಗಲ್ಲ. ಈ ಮಾರಾಟಕ್ಕೆ ಒಪ್ಪಿಗೆ ಇದೆ ಅಂತ ಅವರಿಂದ ಒಂದು ಪತ್ರ ಮಾಡಿಸಿ ರಿಜಿಸ್ಟ್ರು ಮಾಡಿಸ್ಕೊಳ್ಳಿ. ಬೇರೆ ದಾರಿ ಇಲ್ಲ."

ಮಗಳು ಆಗಲೇ ಪಿಯುಸಿಗೆ ಸೇರಿದ್ದಳು. ಇನ್ನೆರಡೇ ವರ್ಷ. ವಕೀಲರ ಆಫೀಸಿನಿಂದ ಅಂಗಡಿಗೆ ವಾಪಸ್ ಬಂದೆ. ಬಾಗಿಲಲ್ಲಿ ಪುಟ್ಟರಾಜು ಕಾಯುತ್ತಿದ್ದ. ಅವನಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು.

"ಸುಮ್ಕಿರಿ ಸಾಬ್ರೇ, ಊರಿಗೆಲ್ಲಾ ಸಾರ್ಬೇಡಿ. ಇಪ್ಪತ್ತು ಜನ ತಗಂಡವ್ರೆ, ಯಾರಿಗೂ ಇಲ್ಲದ್ದು ನಿಮಗ್ಯಾಕೆ? ಆಯಮ್ಮ ಬರೋದು ಮರಕ್ಕೆ ತಾನೆ? ಎರಡೂ ಕಡಿಸಾಕಿ. ಮರ ಇಲ್ಲ ಅಂದ್ರೆ ಬರಲ್ಲ. ಬರ್ಲಿಲ್ಲ ಅಂದ್ರೆ ಕೇಳಲ್ಲ. ನಾಲ್ಕು ದಿನ ಅಣ್ಣನ ಮೇಲೆ ಮುನಿಸ್ಕಂಡು ಸುಮ್ನಾಯ್ತಾಳೆ."

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಸಲಹೆ ನನಗೆ ಹಿತವಾಗಿಯೇ ಕೇಳಿಸಿತು. ಎರಡು ದಿನ ಅದನ್ನೇ ಮೆಲುಕು ಹಾಕಿದೆ, ಮರ ಕಡಿಯುವವನ ಫೋನ್ ನಂಬರನ್ನೂ ಇಸಿದುಕೊಂಡೆ. ಆದರೆ ಹೆದರುಪುಕ್ಕಲರಿಗೆ ಒಂದು ಕಷ್ಟವಿದೆ. ಒಳ್ಳೆಯದು ಮಾಡಲೂ ಧೈರ್ಯ ಬರುವುದಿಲ್ಲ, ಕೆಟ್ಟದ್ದು ಮಾಡಲೂ ಬರುವುದಿಲ್ಲ. ನಾಲ್ಕು ಸಂತೆ ಕಳೆದವು. ಪ್ರತಿ ಸಂತೆಗೂ ಇವತ್ತು ಹೇಳಿಬಿಡಬೇಕೆಂದು ಹೋಗುತ್ತಿದ್ದೆ. ಬಿದ್ದ ಕಾಯಿಗಳನ್ನೆಲ್ಲ ಮೊದಲೇ ಆಯ್ದು ಗೋಣಿಚೀಲದಲ್ಲಿ ಹಾಕಿ ಇಡುತ್ತಿದ್ದೆ. ಜಯಮ್ಮ, "ಇಂಥ ವಾಚ್‌ಮನ್ನ ಅಣ್ಣ ಎಲ್ಲಿ ಹುಡುಕ್ದ" ಎಂದು ಮೆಚ್ಚಿಕೊಂಡು ಎರಡು ಕಾಯಿ ಕೊಡುತ್ತಿದ್ದರು. ನಾನು ತಗೊಂಡು ವಾಪಸ್ ಬರುತ್ತಿದ್ದೆ. ಅಡಿಗೆಮನೆಯ ಮೂಲೆಯಲ್ಲಿ ಕಾಯಿ ಗುಡ್ಡೆಯಾದಾಗ ಶಾಹಿದಾ ಕೂರಿಸಿಕೊಂಡು ಕೇಳಿದಳು. ಎಲ್ಲವನ್ನೂ ಹೇಳಿದೆ. ವಾಚ್‌ಮನ್ ವಿಷಯಕ್ಕೆ ಅವಳು ನಕ್ಕಳು. ಸಹಿಯ ವಿಷಯಕ್ಕೆ ನಗಲಿಲ್ಲ.

"ಹೋಗಿ ಕೇಳಿ" ಎಂದಳು.

"ಕೊಡಲ್ಲ ಅಂದ್ರೆ? ಮಗಳ ಓದಿಗೆ ಏನ್ ಮಾಡೋದು?"

"ಆಯಮ್ಮನೂ ಒಬ್ಬರ ಮಗಳೇ ಅಲ್ವೇನ್ರೀ" ಎಂದಳು. ಅದೂ ಕನ್ನಡದಲ್ಲೇ.

ಐದನೇ ಸಂತೆಗೆ ಹೇಳಿದೆ. ಹೇಗೆ ಹೇಳಬೇಕೆಂದು ಸೈಕಲ್ ತುಳಿಯುತ್ತಾ ಬಾಯಿಪಾಠ ಮಾಡಿಕೊಂಡದ್ದೆಲ್ಲ ಮರೆತುಹೋಯಿತು. "ನಾನು ವಾಚ್‌ಮನ್ ಅಲ್ಲ ಕಣಮ್ಮ, ಟೈಲರ್. ಈ ಜಾಗ ನಾನು ಕೊಂಡ್ಕೊಂಡಿದೀನಿ" ಎಂದಷ್ಟೇ ಬಂತು. ಜಯಮ್ಮ ಕೈಯಲ್ಲಿದ್ದ ಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು.

"ರಿಜಿಸ್ಟ್ರು ಆಗೋಯ್ತಾ?"

"ಆಗಿದೆ."

"ಅಣ್ಣ ಹೇಳ್ಲೇ ಇಲ್ಲ" ಎಂದು ಮರದ ಬುಡದಲ್ಲಿ ಕೂತರು. ನಾನು ಹೋಗಿ ಒಂದು ಬಾಟಲ್ ನೀರು ತಂದುಕೊಟ್ಟೆ. ಆಮೇಲೆ ವಂಶವೃಕ್ಷ, ಪಿತ್ರಾರ್ಜಿತ, ಅವರ ಸಹಿ ಎಲ್ಲವನ್ನೂ ವಕೀಲರು ಹೇಳಿದ ಹಾಗೇ ಹೇಳಿದೆ, ಒಂದನ್ನೂ ಬಚ್ಚಿಡಲಿಲ್ಲ. ನೀವು ಕೇಸು ಹಾಕಬಹುದು ಎಂಬುದನ್ನೂ ಹೇಳಿದೆ. ಅವರು ಗಮನವಿಟ್ಟು ಕೇಳಿದರು.

"ಹಂಗಾರೆ ತೋಟದಾಗೂ ನಂದು ಇತ್ತು ಅನ್ನಿ" ಎಂದರು. "ನಾನು ಎರಡು ಮರ ಅಂತ ತಿಳ್ಕಂಡಿದ್ನಲ್ಲಪ್ಪ."

ಎರಡು ದಿನ ಬಿಟ್ಟು ಅವರೇ ಅಂಗಡಿ ಹುಡುಕಿಕೊಂಡು ಬಂದರು. ಬೆಂಚಿನ ಮೇಲೆ ಕೂತು, ಸಹಿ ಹಾಕುತ್ತೇನೆ ಎಂದರು. ನಾನು ಕೈಲಾದಷ್ಟು ದುಡ್ಡು ಕೊಡುತ್ತೇನೆ ಎಂದಾಗ ಬೇಡ ಎಂದು ಕೈಯಾಡಿಸಿದರು. "ನಿಮ್ತಾವ ಇಸ್ಕಂಡ್ರೆ ಅಣ್ಣ ತಪ್ಪಿಸ್ಕತಾನೆ. ಅದನ್ನ ಅವನ್ತಾವನೇ ಕೇಳ್ತೀನಿ. ಮಿಕ್ಕ ಸೈಟಿಂದೂ ಕೇಳ್ತೀನಿ. ನೀವು ಬಂದು ಕೇಳಿದ್ರಿ, ನಿಮಗೆ ಹಾಕ್ಕೊಡ್ತೀನಿ ಅಷ್ಟೆ." ಮರ ಕಡಿಸುವುದಿಲ್ಲ, ಸೈಟು ನನ್ನ ಕೈಯಲ್ಲಿರುವ ತನಕ ಕಾಯಿ ಮೊದಲಿನ ಹಾಗೆ ನೀವೇ ತಗೊಳ್ಳಿ ಎಂದೆ. ಹೂಂ ಎಂದರು.

ಸಬ್ ರಿಜಿಸ್ಟ್ರಾರ್ ಆಫೀಸಿಗೆ ಜಯಮ್ಮ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದರು. ಫೋಟೋ ತೆಗೆದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಸ್ವಂತ ಇಚ್ಛೆಯಿಂದ ಹಾಕುತ್ತಿದ್ದೀರಾ ಎಂದು ಅಲ್ಲಿನವರು ಕೇಳಿದ್ದಕ್ಕೆ, "ಕೇಳಿದ್ರು, ಹಾಕ್ತಿವ್ನಿ. ಇವರೊಬ್ರೇ ಕೇಳಿದ್ದು" ಎಂದರು. ನಾನು ಮೇಲಿನ ಫ್ಯಾನನ್ನೇ ನೋಡುತ್ತಾ ನಿಂತಿದ್ದೆ. ಹೊರಗೆ ಬಂದ ಮೇಲೆ ಪುಟ್ಟರಾಜು ಫೋನ್ ಮಾಡಿ ಬೈದ. ಬಸವರಾಜಣ್ಣನ ಮನೆಯಲ್ಲಿ ಪಂಚಾಯ್ತಿ ಶುರುವಾಗಿದೆಯಂತೆ, ಉಳಿದ ಸೈಟಿನವರೆಲ್ಲ ವಕೀಲರ ಮನೆಗೆ ಓಡುತ್ತಿದ್ದಾರಂತೆ, ಎಲ್ಲಾ ನಿಮ್ಮಿಂದಲೇ ಎಂದ. ಬೈಗುಳ ಕೇಳುತ್ತಲೇ ಟೀ ಕುಡಿದೆ. ಸೈಟು ತಗೊಂಡಾಗಿನಿಂದ ರುಚಿ ಗೊತ್ತಾಗಿ ಕುಡಿದ ಮೊದಲ ಟೀ ಅದು. ನನ್ನ ಕಾಗದ ಈಗ ಎಲ್ಲ ರೀತಿಯಲ್ಲೂ ಸರಿ ಎಂದು ವಕೀಲರು ಹೇಳಿಯಾಗಿತ್ತು. ಮಗಳು ಓದಬಹುದು.

ಮುಂದಿನ ಸಂತೆ ದಿನ ಸೈಟಿಗೆ ಹೋದೆ. ಗಾಳಿ ಜೋರಾಗಿದ್ದರಿಂದ ಐದಾರು ಕಾಯಿ ಬಿದ್ದಿದ್ದವು. ಜಯಮ್ಮ ಆಯ್ದುಕೊಳ್ಳಲಿ ಎಂದು ಹಾಗೇ ಬಿಟ್ಟೆ. ಅವರು ಎಂದಿನ ಹೊತ್ತಿಗೇ ಬಂದರು, ಕೈಯಲ್ಲಿ ಅದೇ ಚೀಲ. ಗಡಿಕಲ್ಲಿನ ತನಕ ಬಂದವರು ಅಲ್ಲೇ ನಿಂತರು. ಒಂದು ಕಾಯಿ ಅವರ ಕಾಲಿಂದ ಎರಡು ಮಾರು ದೂರದಲ್ಲಿ ಬಿದ್ದಿತ್ತು. ಅದನ್ನು ನೋಡಿದರು. ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿ, "ಸಾಬ್ರೇ, ತಗಳ್ಲಾ?" ಎಂದು ಕೇಳಿದರು.

ಕೇಳಬೇಡಿ, ನಿಮ್ಮದೇ ಎಂದು ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂತು. ಆದರೆ ಅವರದಲ್ಲ ಎಂದು ಅವರಿಂದಲೇ ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ವಾರವೂ ಆಗಿರಲಿಲ್ಲ.

"ತಗೊಳ್ಳಿ" ಎಂದೆ.

ಅವರು ಒಳಗೆ ಬಂದು ಆ ಒಂದು ಕಾಯಿಯನ್ನಷ್ಟೇ ಎತ್ತಿಕೊಂಡರು. ಯಾವತ್ತಿನ ಹಾಗೆ ಕಿವಿಯ ಹತ್ತಿರ ಹಿಡಿದು ಅಲುಗಿಸಲಿಲ್ಲ.